ಕೀಲಿನ ಕೇಂದ್ರ ಎಲ್ಲಿ ತಪ್ಪಿತು? ನಡಿಗೆ ವಿಶ್ಲೇಷಣೆಯ ಅಳತೆ ದೋಷ ಹುಡುಕಿ ಸರಿಪಡಿಸುವ ಕೈಪಿಡಿ

ಸೊಂಟದ ಕೀಲಿನ ಕೇಂದ್ರದ ಮೇಲೆ ಬೆರಳಿಡಲು ಯಾರಿಗೂ ಆಗುವುದಿಲ್ಲ. ತೊಡೆಯೆಲುಬಿನ ಗುಂಡು ತಲೆ ಸ್ನಾಯುಗಳ ಆಳದಲ್ಲಿ, ತನ್ನ ಗುಳಿಯೊಳಗೆ ಕೂತಿರುತ್ತದೆ. ಹಾಗಾಗಿ ನಡಿಗೆಯನ್ನು ಕ್ಯಾಮೆರಾದಿಂದ ಅಳೆಯುವಾಗ, ಮುಟ್ಟಲು ಸಿಗುವ ಎಲುಬಿನ ತುದಿಗಳ ಮೇಲೆ ಮಾರ್ಕರ್ (ಕ್ಯಾಮೆರಾಗೆ ಹೊಳೆದು ಕಾಣುವ ಪುಟ್ಟ ಗೋಲಿ) ಅಂಟಿಸಿ, ಅಲ್ಲಿಂದ ಲೆಕ್ಕ ಹಾಕಿ, ಕೇಂದ್ರ ಇಲ್ಲಿದ್ದೀತು ಎಂದು ಗುರುತಿಸುತ್ತೇವೆ. ಈ ಲೆಕ್ಕ ಮುಂದಕ್ಕೋ ಹಿಂದಕ್ಕೋ 2 ಸೆಂಮೀ ತಪ್ಪಿದರೆ 40 ಸೆಂಮೀ ಉದ್ದದ ತೊಡೆಯ ಕೋನ ಸುಮಾರು 3 ಡಿಗ್ರಿ ತಪ್ಪುತ್ತದೆ. ಚಿಕಿತ್ಸೆಗೆ ಮುಂಚೆ ಮತ್ತು ನಂತರ ಹೋಲಿಸಿ ನೋಡುವ ವ್ಯತ್ಯಾಸ ಎಷ್ಟೋ ಸಲ ಅಷ್ಟೇ ಇರುತ್ತದೆ.

ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಎಂಟು ಕ್ಯಾಮೆರಾಗಳ ಲ್ಯಾಬಿನಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗೂ, ಗರಡಿಯಲ್ಲೋ ಮೈದಾನದಲ್ಲೋ ಸ್ಟ್ಯಾಂಡಿನ ಮೇಲೆ ಫೋನ್ ಇಟ್ಟು ಅಳೆಯುವ ತರಬೇತುದಾರನಿಗೂ ಇಲ್ಲಿನ ಪರೀಕ್ಷೆಗಳು ಅನ್ವಯಿಸುತ್ತವೆ. ದೋಷ ಕಂಡ ತಕ್ಷಣ ಸಾಫ್ಟ್‌ವೇರಿನ ಸೆಟ್ಟಿಂಗ್ ಬದಲಿಸಲು ಹೋಗಬೇಡಿ. ಕ್ಯಾಮೆರಾ ಒಂದು ಮಿಲಿಮೀಟರ್ ಆಚೀಚೆ ತಪ್ಪಿದರೆ ನಮ್ಮ ಬೆರಳು ಒಂದು ಸೆಂಟಿಮೀಟರ್ ತಪ್ಪುತ್ತದೆ. ಹುಡುಕಾಟ ಬೆರಳು, ಟೇಪು, ಚರ್ಮಗಳಿಂದ ಶುರುವಾಗಬೇಕು.

ಮೊದಲೇ ಒಂದು ಮಾತಿನ ತೊಡಕು ಬಿಡಿಸಿಕೊಳ್ಳಿ. ನಮ್ಮ ಕಡೆ ಟೊಂಕ ಅಂದರೆ ನಡುಪಟ್ಟಿ ಕಟ್ಟುವ ಜಾಗ. "ಟೊಂಕದ ಮ್ಯಾಲ ಕೈ ಇಡ್ರಿ" ಅಂದರೆ ಜನ ಸೊಂಟದೆಲುಬಿನ ಮೇಲಂಚು ಹಿಡಿಯುತ್ತಾರೆ. ಕೀಲು ಅಲ್ಲಿಂದ ಒಂದು ಅಂಗೈಗಿಂತ ಹೆಚ್ಚು ಕೆಳಗೆ, ತೊಡೆಸಂದಿಯ ಆಳದಲ್ಲಿದೆ. ಮಾರ್ಕರ್ ಅಂಟಿಸಲು ಹೊಸಬರಿಗೆ ಹೇಳಿಕೊಡುವಾಗ ಟೊಂಕ ಎಂಬ ಪದವನ್ನೇ ಬಿಟ್ಟು, ಎಲುಬು ತೋರಿಸಿ ಕಲಿಸಿ.

ಲಕ್ಷಣ: ನಡೆಯುತ್ತಿರುವಾಗ ತೊಡೆಯ ಉದ್ದ ಹಿಗ್ಗುತ್ತದೆ, ಕುಗ್ಗುತ್ತದೆ

ಎಲುಬು ರಬ್ಬರ್ ಅಲ್ಲ. ಸೊಂಟದ ಕೇಂದ್ರದಿಂದ ಮೊಣಕಾಲಿನ ಕೇಂದ್ರದವರೆಗಿನ ದೂರವನ್ನು ಪ್ರತಿ ಫ್ರೇಮಿಗೂ ಲೆಕ್ಕ ಹಾಕಿ ಒಂದು ಗೆರೆ ಎಳೆಯಿರಿ. ಮೊಣಕಾಲಿನಿಂದ ಹರಡಿನವರೆಗೂ (ಪಾದದ ಕೀಲಿನವರೆಗೂ) ಹಾಗೆಯೇ ಮಾಡಿ. ಇದಕ್ಕೆ ಎಕ್ಸೆಲ್ ಸಾಕು. ಗೆರೆ ಹೇಗೆ ಓಲಾಡುತ್ತದೆ ಎನ್ನುವುದರಲ್ಲೇ ದೋಷದ ಜಾಡು ಸಿಗುತ್ತದೆ.

ಗೆರೆ ಪ್ರತಿ ಹೆಜ್ಜೆಗೂ ಒಂದೇ ರೀತಿ ಏರಿಳಿದರೆ ಚರ್ಮ ಎಲುಬಿನ ಮೇಲೆ ಜಾರುತ್ತಿದೆ ಎಂದರ್ಥ. ತೊಡೆಯ ಮೇಲಿನ ಮಾರ್ಕರ್ ಎಲುಬಿಗಿಂತ 1ರಿಂದ 3 ಸೆಂಮೀ ಆಚೀಚೆ ಸರಿಯುವುದು ಅಪರೂಪವೇನಲ್ಲ. ಹೆಜ್ಜೆಯಿಂದ ಹೆಜ್ಜೆಗೆ ನಿಧಾನವಾಗಿ ಒಂದೇ ದಿಕ್ಕಿಗೆ ಸಾಗಿದರೆ ಟೇಪು ಬಿಡುತ್ತಿದೆ. ಕೋಣೆಯ ಒಂದು ಮೂಲೆಯಲ್ಲಿ ಮಾತ್ರ ಬದಲಾದರೆ ದೋಷ ಕ್ಯಾಲಿಬ್ರೇಷನ್ನಿನದು, ಅಂದರೆ ಕ್ಯಾಮೆರಾಗಳ ಅಳತೆ ಹೊಂದಿಸಿದ್ದರದು, ಮೈಯದಲ್ಲ.

ಮೊದಲು ಟೇಪು. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುವವರು ಬಹಳ. ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಣಗಲು ಒಂದು ನಿಮಿಷ ಬಿಟ್ಟು ಅಂಟಿಸಿ. ಏಪ್ರಿಲ್-ಮೇ ಬಿಸಿಲಲ್ಲಿ ನಡೆದು ಬಂದವರನ್ನು ಹತ್ತು ನಿಮಿಷ ಫ್ಯಾನಿನ ಕೆಳಗೆ ಕೂರಿಸಿ, ಬೆವರು ಆರಲಿ. ಅಂಟಿಸಿದ ಮೇಲೆ ಮಾರ್ಕರಿನ ಬುಡದ ಸುತ್ತ ಪೆನ್ನಿನಿಂದ ಗೆರೆ ಹಾಕಿ. ಪರೀಕ್ಷೆ ಮುಗಿದ ಮೇಲೆ ಬುಡ ಗೆರೆಯೊಳಗೇ ಇದ್ದರೆ ಟೇಪಿನ ತಪ್ಪಲ್ಲ.

ಆಮೇಲೆ ಕ್ಯಾಲಿಬ್ರೇಷನ್. ಉದ್ದ ಗೊತ್ತಿರುವ ಕೋಲನ್ನು, ಎರಡು ತುದಿಗೂ ಮಾರ್ಕರ್ ಇಟ್ಟು, ಕೋಣೆಯ ನಾಲ್ಕು ಮೂಲೆ, ನೆಲದ ಹತ್ತಿರ, ತಲೆಯ ಎತ್ತರ ಎಲ್ಲ ಕಡೆ ಆಡಿಸಿ ದಾಖಲಿಸಿ. 500 ಮಿಮೀ ಕೋಲು ಎಲ್ಲೇ ಆಗಲಿ 2 ಮಿಮೀಗಿಂತ ಹೆಚ್ಚು ವ್ಯತ್ಯಾಸ ತೋರಿದರೆ ಕ್ಯಾಲಿಬ್ರೇಷನ್ ಮತ್ತೊಮ್ಮೆ ಮಾಡಿ. ಕರೆಂಟ್ ಹೋಗಿ ಬಂದಿದ್ದರೆ ಈ ಪರೀಕ್ಷೆ ಬಿಡಲೇಬೇಡಿ. ಕ್ಯಾಮೆರಾ ಬಿಸಿಯಾಗಿ ಸ್ಥಿರವಾಗಲು ಅರ್ಧ ಗಂಟೆಯಾದರೂ ಬೇಕು, ಆರಿಹೋದರೆ ಆ ಅರ್ಧ ಗಂಟೆ ಮತ್ತೆ ಮೊದಲಿಂದ ಎಣಿಸಬೇಕು.

ಎರಡೂ ಸರಿ ಇದ್ದು ಉದ್ದ ಇನ್ನೂ ಓಲಾಡಿದರೆ ಉಳಿದದ್ದು ಚರ್ಮ. ತೊಡೆಯ ಹೊರಬದಿಯ ಕೆಳಭಾಗದಲ್ಲಿ ನಾಲ್ಕು ಮಾರ್ಕರಿನ ಗಟ್ಟಿ ತಟ್ಟೆ ಕಟ್ಟಿ, ಮೊಣಕಾಲಿನ ಎರಡು ಬದಿಯ ಎಲುಬಿನ ಗುಬ್ಬುಗಳನ್ನು ನಿಂತ ಭಂಗಿಯಲ್ಲಿ ಒಮ್ಮೆ ಮಾತ್ರ ಗುರುತಿಸಿ, ನಡೆಯುವಾಗ ಅವುಗಳ ಜಾಗವನ್ನು ತಟ್ಟೆಯಿಂದ ಲೆಕ್ಕ ಹಾಕುವುದು ರೂಢಿಯ ಉಪಾಯ. ತಟ್ಟೆಯೂ ಮಾಂಸದ ಜೊತೆ ಅಲುಗುತ್ತದೆ, ಆದರೆ ಮಡಚುವ ಕೀಲಿನ ಮೇಲಿನ ಚರ್ಮದಷ್ಟಲ್ಲ.

ಒಂದು ಎಚ್ಚರಿಕೆ. ಓಪನ್‌ಸಿಮ್‌ನಂಥ ತಂತ್ರಾಂಶ ಕಟ್ಟುವ ಅಸ್ಥಿಪಂಜರದ ಮಾದರಿಗಳಲ್ಲಿ ಎಲುಬಿನ ಉದ್ದವನ್ನು ಮೊದಲೇ ಬಿಗಿದಿರುತ್ತಾರೆ. ಅಲ್ಲಿ ಉದ್ದದ ಗೆರೆ ಯಾವಾಗಲೂ ನೆಟ್ಟಗಿರುತ್ತದೆ, ದೋಷ ಒಳಗೇ ಅಡಗಿರುತ್ತದೆ. ಆಗ ನೋಡಬೇಕಾದದ್ದು ನಿಜವಾದ ಮಾರ್ಕರಿಗೂ ಮಾದರಿಯ ಮಾರ್ಕರಿಗೂ ನಡುವಿನ ಅಂತರ. ಚಲನೆಯಲ್ಲಿ ಒಟ್ಟು ಮಾರ್ಕರುಗಳ ಆರ್‌ಎಂಎಸ್ ದೋಷ (ಅಂತರಗಳ ವರ್ಗಗಳ ಸರಾಸರಿಯ ವರ್ಗಮೂಲ) 2 ಸೆಂಮೀ ಒಳಗೆ, ಎಲುಬಿನ ತುದಿಯ ಯಾವುದೇ ಒಂದರದು 4 ಸೆಂಮೀ ಒಳಗೆ ಇರಬೇಕು. ನಿಂತ ಭಂಗಿಯಲ್ಲಿ ಇದರ ಅರ್ಧ.

ಲಕ್ಷಣ: ಬಿಂದುಗಳು ನಡುಗುತ್ತವೆ, ಇಲ್ಲವೇ ಒಮ್ಮೆಲೇ ಹಾರುತ್ತವೆ

ಹಾರಿದರೆ ಎಲ್ಲೋ ಹುಸಿ ಹೊಳಪಿದೆ. ಸ್ಟೀಲ್ ತಂಬಿಗೆ, ಶೂವಿನ ಹೊಳೆಯುವ ಪಟ್ಟಿ, ಕಾಲ್ಚೈನು, ಪಶ್ಚಿಮದ ಕಿಟಕಿಯಿಂದ ಬೀಳುವ ಸಂಜೆ ಬಿಸಿಲು, ಇವೆಲ್ಲ ಕ್ಯಾಮೆರಾಗೆ ಮಾರ್ಕರಿನಂತೆಯೇ ಕಾಣುತ್ತವೆ. ಕಾಲುಂಗುರ ತೆಗೆಯಿರಿ ಎಂದು ಮದುವೆಯಾದ ಹೆಣ್ಣುಮಕ್ಕಳಿಗೆ ಹೇಳಬೇಡಿ. ಮೇಲೆ ಕಾಗದದ ಟೇಪು ಸುತ್ತಿದರೆ ಕೆಲಸ ಆಯಿತು. ಎರೆಮಣ್ಣಿನ ಧೂಳು, ಕೈಜಿಡ್ಡು ಹತ್ತಿ ಮಂಕಾದ ಮಾರ್ಕರ್ ಬಿಟ್ಟು ಬಿಟ್ಟು ಕಾಣುತ್ತದೆ. ಅಂಥದ್ದನ್ನು ಬದಲಿಸಿ.

ಸಣ್ಣ ನಡುಕಕ್ಕೆ ಫಿಲ್ಟರ್ ಇದೆ, ಅದು ಗೆರೆಯ ವೇಗದ ಕಂಪನವನ್ನು ಸೋಸುವ ಲೆಕ್ಕ. ಸಾಮಾನ್ಯ ನಡಿಗೆಗೆ 6 ಹರ್ಟ್ಸ್‌ನ ನಾಲ್ಕನೇ ದರ್ಜೆಯ ಬಟರ್‌ವರ್ತ್ ಫಿಲ್ಟರನ್ನು ಮುಂದಕ್ಕೂ ಹಿಂದಕ್ಕೂ ಓಡಿಸುವುದು ರೂಢಿ. ಒಂದೇ ದಿಕ್ಕಿಗೆ ಓಡಿಸಿದರೆ ಗ್ರಾಫ್ ಇಡಿಯಾಗಿ ತಡವಾಗುತ್ತದೆ. ಓಟ, ಜಿಗಿತಕ್ಕೆ 6 ಹರ್ಟ್ಸ್ ಕಡಿಮೆಯಾಯಿತು. ಚರ್ಮದ ಜಾರುವಿಕೆಯನ್ನು ಫಿಲ್ಟರ್ ತೆಗೆಯಲಾರದು, ಏಕೆಂದರೆ ಚರ್ಮವೂ ಹೆಜ್ಜೆಯ ಲಯದಲ್ಲೇ ಜಾರುತ್ತದೆ.

ಲಕ್ಷಣ: ಮೊಣಕಾಲು ಮಡಚಿದಾಗಲೆಲ್ಲ ಪಕ್ಕಕ್ಕೂ ವಾಲಿದಂತೆ ಕಾಣುತ್ತದೆ

ಹೆಜ್ಜೆ ಎತ್ತಿದಾಗ ಮೊಣಕಾಲು ಸುಮಾರು 60 ಡಿಗ್ರಿ ಮಡಚುತ್ತದೆ. ಅದೇ ಗಳಿಗೆಯಲ್ಲಿ ಒಳವಾಲು-ಹೊರವಾಲಿನ ಗೆರೆಯೂ ಗುಡ್ಡದಂತೆ ಏರಿದರೆ ಮೊಣಕಾಲಿನ ಅಕ್ಷ, ಅಂದರೆ ಅದು ಯಾವ ಗೆರೆಯ ಸುತ್ತ ಮಡಚುತ್ತದೆ ಎಂದು ನಾವು ಗುರುತಿಸಿದ ಗೆರೆ, ತಿರುಗಿ ಕೂತಿದೆ. ಕಾರಣ ಸರಳ: ಮಡಚುವ ಚಲನೆಯ ಒಂದು ಪಾಲು ತಪ್ಪು ಖಾತೆಗೆ ಜಮಾ ಆಗುತ್ತಿದೆ. ಅಕ್ಷ 10 ಡಿಗ್ರಿ ತಿರುಗಿದ್ದು, ಮಡಚುವಿಕೆ 60 ಡಿಗ್ರಿ ಇದ್ದರೆ, ಇಲ್ಲದ ವಾಲುವಿಕೆ 8.6 ಡಿಗ್ರಿ ಕಾಣುತ್ತದೆ. ಜೊತೆಗೆ ಸೊಂಟದ ಒಳತಿರುವು-ಹೊರತಿರುವಿನ ಗ್ರಾಫೂ ಅದೇ 10 ಡಿಗ್ರಿ ಸರಿದಿರುತ್ತದೆ. ಮಕ್ಕಳಲ್ಲಿ ತೊಡೆಯೆಲುಬು ತಿರುಗಿಸುವ ಶಸ್ತ್ರಚಿಕಿತ್ಸೆಗೆ ಇದೇ ಗ್ರಾಫ್ ನೋಡುವುದರಿಂದ ಈ ದೋಷವನ್ನು ಸಣ್ಣದೆಂದು ಬಿಡುವಂತಿಲ್ಲ.

ಪರೀಕ್ಷೆ ಕೈಯಿಂದಲೇ ಆಗಲಿ. "ಅಜ್ಜಾರ, ಮೊಣಕಾಲ ಸ್ವಲ್ಪ ಮಡಚ್ರಿ, ಮತ್ತ ನೀಟ ಮಾಡ್ರಿ" ಎಂದು ಹೇಳಿ, ಹೆಬ್ಬೆರಳನ್ನು ಹೊರಗುಬ್ಬಿನ ಮೇಲೆ ಇಟ್ಟುಕೊಳ್ಳಿ. ಮಡಚಿ ಬಿಚ್ಚುವಾಗ ಕೆಳಕಾಲು ಯಾವ ಬಿಂದುವಿನ ಸುತ್ತ ತಿರುಗುತ್ತಿದೆಯೋ ಅಲ್ಲಿ ಮಾರ್ಕರ್ ಬರಬೇಕು. ಮೊಣಚಿಪ್ಪಿನ ಅಂಚನ್ನೋ ಕೆಳಕಾಲಿನ ಹೊರ ಎಲುಬಿನ ತಲೆಯನ್ನೋ ಗುಬ್ಬೆಂದು ತಿಳಿಯುವುದು ಹೊಸಬರ ಸಾಮಾನ್ಯ ತಪ್ಪು. ಒಳಗುಬ್ಬಿಗೂ ನಿಂತ ಭಂಗಿಯಲ್ಲಿ ಒಂದು ಮಾರ್ಕರ್ ಇಟ್ಟು, ಎರಡರ ನಡುಬಿಂದುವನ್ನೇ ಕೇಂದ್ರ ಎಂದು ತೆಗೆದುಕೊಂಡರೆ ತೊಡೆಯ ಪಕ್ಕದ ಕಡ್ಡಿ ಮಾರ್ಕರನ್ನು (ಸಣ್ಣ ಕಡ್ಡಿಯ ತುದಿಗೆ ಸಿಕ್ಕಿಸಿದ ಮಾರ್ಕರ್) ನಂಬುವ ಗೋಜೇ ಇಲ್ಲ.

ಕಡ್ಡಿ ಮಾರ್ಕರಿನ ಹಳೆಯ ಪದ್ಧತಿಯಲ್ಲೇ ಕೆಲಸ ಮಾಡುವವರು ಮೊಣಕಾಲಿನ ಅಗಲವನ್ನು ಕ್ಯಾಲಿಪರಿನಿಂದ (ಎರಡು ಬದಿ ಹಿಡಿದು ಅಳೆಯುವ ಇಕ್ಕಳದಂಥ ಉಪಕರಣ) ಮೂರು ಸಲ ಅಳೆಯಿರಿ. ಅಗಲ 10 ಮಿಮೀ ತಪ್ಪಿದರೆ ಕೇಂದ್ರ 5 ಮಿಮೀ ಸರಿಯುತ್ತದೆ.

ಇಷ್ಟಾದರೂ ಗುಡ್ಡ ಉಳಿದರೆ, ತೊಡೆಯ ಅಕ್ಷವನ್ನು ಅದರ ಉದ್ದಗೆರೆಯ ಸುತ್ತ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ವಾಲುವಿಕೆಯ ಏರಿಳಿತ ಎಲ್ಲಿ ಅತಿ ಕಡಿಮೆ ಎಂದು ಕಂಪ್ಯೂಟರಿನಿಂದ ಹುಡುಕಿಸಬಹುದು. ಇದು ಕೊನೆಯ ದಾರಿಯಾಗಿರಲಿ. ಮೊಣಕಾಲು ಸವೆದು ನಿಜವಾಗಿಯೇ ಹೊರಕ್ಕೆ ತಳ್ಳುವವರಲ್ಲಿ ಈ ತಿದ್ದುಪಡಿ ರೋಗವನ್ನೇ ಅಳಿಸಿಹಾಕೀತು. ಒಂದು ಗುರುತು ನೆನಪಿರಲಿ: ಅಕ್ಷದ ದೋಷ ಕಾಲು ಗಾಳಿಯಲ್ಲಿದ್ದಾಗ, ಮಡಚುವಿಕೆ ಹೆಚ್ಚಿದ್ದಾಗ ದೊಡ್ಡದಾಗುತ್ತದೆ. ನಿಜವಾದ ತಳ್ಳುವಿಕೆ ಭಾರ ಬಿದ್ದಾಗ ಕಾಣುತ್ತದೆ.

ಲಕ್ಷಣ: ಸೊಂಟದ ಗ್ರಾಫಿನ ಆಕಾರ ಸರಿ, ಇಡೀ ಗೆರೆ ಮಾತ್ರ ಮೇಲೋ ಕೆಳಗೋ ಸರಿದಿದೆ

ಇದು ಸೊಂಟದೆಲುಬಿನ ಮುಂತುದಿ, ಹಿಂತುದಿಗಳಿಗೆ ಮಾರ್ಕರ್ ಅಂಟಿಸಿದ್ದರ ದೋಷ. ಲ್ಯಾಬಿನಲ್ಲಿ ಎಎಸ್‌ಐಎಸ್, ಪಿಎಸ್‌ಐಎಸ್ ಎನ್ನುತ್ತಾರೆ. ಇವೆರಡರ ನಡುವೆ 150 ಮಿಮೀ ಇದೆ ಎನ್ನಿ. ಹಿಂದಿನ ಮಾರ್ಕರುಗಳನ್ನು 10 ಮಿಮೀ ಮೇಲೆ ಅಂಟಿಸಿದರೆ ಸೊಂಟ ಸುಮಾರು 4 ಡಿಗ್ರಿ ಮುಂದಕ್ಕೆ ಬಾಗಿದಂತೆ ಕಂಡು, ಸೊಂಟದ ಕೀಲಿನ ಮಡಚುವಿಕೆಯೂ ಅಷ್ಟೇ ಹೆಚ್ಚುತ್ತದೆ.

ಮುಂತುದಿ ಹುಡುಕಲು ಎರಡೂ ಕೈ ಸೊಂಟದೆಲುಬಿನ ಮೇಲಂಚಿನ ಮೇಲಿಟ್ಟು ಮುಂದಕ್ಕೆ, ಕೆಳಕ್ಕೆ ಜಾರಿಸಿ. ಅಂಚು ಮುಗಿಯುವಲ್ಲಿ ಹೆಬ್ಬೆರಳನ್ನು ಕೆಳಗಿನಿಂದ ಮೇಲಕ್ಕೆ ಕೊಕ್ಕೆಯಂತೆ ಒತ್ತಿದರೆ ತುದಿ ಸಿಗುತ್ತದೆ. ಹಿಂತುದಿ ಬೆನ್ನಿನ ಕೆಳಗಿನ ಎರಡು ಗುಳಿಗಳ ನೇರದಲ್ಲಿದೆ. ಮಾರ್ಕರ್ ಅಂಟಿಸಿ, ತೆಗೆದು, ಇನ್ನೊಬ್ಬರಿಂದ ಮತ್ತೆ ಅಂಟಿಸಿ ನೋಡಿ. ಇಬ್ಬರ ನಡುವೆ 10 ಮಿಮೀ ಅಂತರ ಬಂದರೆ ಸೂತ್ರ ಬದಲಿಸುವುದಕ್ಕಿಂತ ಬೆರಳು ಪಳಗಿಸುವುದು ಮೊದಲ ಕೆಲಸ.

ಇನ್ನು ಈ ತುದಿಗಳಿಂದ ಸೊಂಟದ ಕೀಲಿನ ಕೇಂದ್ರ ಲೆಕ್ಕ ಹಾಕುವ ಸೂತ್ರ. 1990ರ ಸುಮಾರಿನ ಬೆಲ್ ಸೂತ್ರ ಎರಡು ಮುಂತುದಿಗಳ ನಡುವಿನ ಅಗಲವೊಂದನ್ನೇ ಬಳಸುತ್ತದೆ: ನಡುಬಿಂದುವಿನಿಂದ ಪಕ್ಕಕ್ಕೆ ಶೇ 36, ಕೆಳಕ್ಕೆ ಶೇ 30, ಹಿಂದಕ್ಕೆ ಶೇ 19. 2007ರ ಹ್ಯಾರಿಂಗ್ಟನ್ ಸೂತ್ರ ಅಗಲದ ಜೊತೆ ಮುಂದು-ಹಿಂದಿನ ಆಳವನ್ನೂ ಕೇಳುತ್ತದೆ: ಪಕ್ಕಕ್ಕೆ ಅಗಲದ 0.33 ಪಟ್ಟು ಕೂಡಿಸು 7.3 ಮಿಮೀ, ಕೆಳಕ್ಕೆ ಅಗಲದ 0.30 ಪಟ್ಟು ಕೂಡಿಸು 10.9 ಮಿಮೀ, ಹಿಂದಕ್ಕೆ ಆಳದ 0.24 ಪಟ್ಟು ಕೂಡಿಸು 9.9 ಮಿಮೀ. ಅಗಲ 240, ಆಳ 150 ಮಿಮೀ ಇರುವವರಲ್ಲಿ ಬೆಲ್ ಲೆಕ್ಕ ಪಕ್ಕಕ್ಕೆ 86, ಕೆಳಕ್ಕೆ 72, ಹಿಂದಕ್ಕೆ 46 ಕೊಡುತ್ತದೆ. ಹ್ಯಾರಿಂಗ್ಟನ್ ಪಕ್ಕಕ್ಕೆ 87, ಕೆಳಕ್ಕೆ 83, ಹಿಂದಕ್ಕೆ 46. ಅಂದರೆ ಒಬ್ಬರ ಮೈಯಲ್ಲೇ ಸೂತ್ರ ಬದಲಿಸಿದ ಮಾತ್ರಕ್ಕೆ ಕೇಂದ್ರ 11 ಮಿಮೀ ಕೆಳಗಿಳಿಯಿತು. ಒಂದು ಅಧ್ಯಯನದ ನಡುವೆ ಸೂತ್ರ ಬದಲಿಸಬೇಡಿ. ಹೊಸದಾಗಿ ಶುರು ಮಾಡುವವರು ಹ್ಯಾರಿಂಗ್ಟನ್ ಹಿಡಿಯುವುದು ಒಳ್ಳೆಯದು. ಆಳವನ್ನು ಬೇರೆಯಾಗಿ ಅಳೆಯುವುದರಿಂದ ಅದು ಹೆಚ್ಚು ಜನರ ಮೈಕಟ್ಟಿಗೆ ಹೊಂದುತ್ತದೆ.

ಹೊಟ್ಟೆ ಇರುವವರಲ್ಲಿ ಎರಡು ತಪ್ಪು ಒಟ್ಟಿಗೆ ಸೇರುತ್ತವೆ. ಮಾರ್ಕರ್ ಮುಂದಕ್ಕೆ ಬರುತ್ತದೆ, ಹೊರಕ್ಕೂ ಜಾರುತ್ತದೆ. ಎರಡೂ ಬದಿ 10 ಮಿಮೀ ಹೊರಕ್ಕೆ ಸರಿದರೆ ಅಗಲ 260 ಆಗಿ, ಕೇಂದ್ರ ಪಕ್ಕಕ್ಕೆ 6.6, ಕೆಳಕ್ಕೆ 6 ಮಿಮೀ ಸರಿಯುತ್ತದೆ. ಅಂಥವರನ್ನು ಅಂಗಾತ ಮಲಗಿಸಿ, ಕ್ಯಾಲಿಪರಿನ ತುದಿಯನ್ನು ಎಲುಬಿಗೆ ತಾಗುವಂತೆ ಮೆತ್ತಗೆ ಒತ್ತಿ ಅಗಲ ಅಳೆದು, ಆ ಅಂಕಿಯನ್ನೇ ಕೈಯಾರೆ ತುಂಬಿಸಿ. ಮುಂದಕ್ಕೆ ಬಂದ ದೂರವನ್ನೂ ಕಳೆಯಬೇಕು. ತೆಳ್ಳಗಿನವರಲ್ಲೂ 14 ಮಿಮೀ ಮಾರ್ಕರಿನ ನಡುಬಿಂದು, ಬುಡ ಸೇರಿಸಿ, ಚರ್ಮದಿಂದ ಸುಮಾರು 10 ಮಿಮೀ ಹೊರಗಿರುತ್ತದೆ. ಬಹಳ ಲ್ಯಾಬುಗಳು ಇದನ್ನು ಕಳೆಯುವುದೇ ಇಲ್ಲ.

ಲಕ್ಷಣ: ಕಾಲು ತಿರುಗಿಸಿ ಕಂಡುಹಿಡಿದ ಕೇಂದ್ರ ಪ್ರತಿ ಸಲ ಬೇರೆ ಬರುತ್ತದೆ

ಸೂತ್ರದ ಬದಲು, ಕಾಲನ್ನು ಮುಂದೆ, ಹಿಂದೆ, ಪಕ್ಕಕ್ಕೆ, ಓರೆಯಾಗಿ ಚಾಚಿ ಕೊನೆಗೆ ಅರ್ಧ ಸುತ್ತು ತಿರುಗಿಸಿ, ತೊಡೆ ಯಾವ ಬಿಂದುವಿನ ಸುತ್ತ ಸುತ್ತುತ್ತಿದೆ ಎಂದು ಲೆಕ್ಕ ಹಾಕುವ ವಿಧಾನವಿದೆ. ಮೂರು ಸಲ ಮಾಡಿಸಿ. ಸೊಂಟಕ್ಕೆ ಹೋಲಿಸಿದ ಕೇಂದ್ರ 10 ಮಿಮೀಗಿಂತ ಹೆಚ್ಚು ಚದುರಿದರೆ ಅದನ್ನು ಬಿಟ್ಟು ಸೂತ್ರಕ್ಕೆ ಮರಳಿ.

ಚದುರುವ ಮೊದಲ ಕಾರಣ ಚಲನೆಯ ಹರವು ಸಾಲದು. ಒಂದು ಚೆಂಡಿನ ಸಣ್ಣ ಚೂರನ್ನು ನೋಡಿ ಇಡೀ ಚೆಂಡಿನ ನಡುಬಿಂದು ಹೇಳುವಷ್ಟೇ ಇದು ಕಷ್ಟ. ಕಾಲು ಎಲ್ಲ ದಿಕ್ಕಿಗೂ 30 ಡಿಗ್ರಿಯಷ್ಟಾದರೂ ಚಾಚಬೇಕು. ಎರಡನೆಯದು, ಸೊಂಟವೂ ಜೊತೆಗೇ ತಿರುಗುವುದು. ಗೋಡೆಯ ಸರಳು ಹಿಡಿದು, ಇನ್ನೊಂದು ಕಾಲಿನ ಕೆಳಗೆ ಎರಡು ಇಂಚಿನ ಮಣೆ ಇಟ್ಟರೆ ಅಲುಗಾಟ ಕಡಿಮೆಯಾಗುತ್ತದೆ. ಮೂರನೆಯದು ಲೆಕ್ಕದ ಬಗೆ: ಸುಲಭದ ಬೀಜಗಣಿತದ ಗೋಳ ಹೊಂದಾಣಿಕೆ, ಅಳತೆಯಲ್ಲಿ ನಡುಕವಿದ್ದು ಹರವು ಸಣ್ಣದಿದ್ದಾಗ, ತ್ರಿಜ್ಯವನ್ನು ಚಿಕ್ಕದಾಗಿ ತೋರಿಸಿ ಕೇಂದ್ರವನ್ನು ಮಾರ್ಕರುಗಳ ಕಡೆ ಎಳೆಯುತ್ತದೆ. ಕೀಲಿನ ಎರಡೂ ಬದಿಯ ಎಲುಬಿನ ಚಲನೆಯನ್ನು ಒಟ್ಟಿಗೆ ಬಳಸುವ, ಸ್ಕೋರ್ (SCoRE) ಎಂಬ ಹೆಸರಿನ ವಿಧಾನ ಇಲ್ಲಿ ಹೆಚ್ಚು ಭದ್ರ.

ಸೊಂಟಕ್ಕೆ ಕೃತಕ ಕೀಲು ಹಾಕಿಸಿಕೊಂಡವರಿಂದ ಈ ಚಲನೆ ಮಾಡಿಸಲೇಬೇಡಿ. 90 ಡಿಗ್ರಿ ಮೀರಿ ಮಡಚುವುದು, ಕಾಲನ್ನು ನಡುಗೆರೆ ದಾಟಿಸುವುದು, ಒಳಕ್ಕೆ ತಿರುಗಿಸುವುದು, ಇವು ಕೂಡಿದರೆ ಕೀಲು ಕಳಚಬಹುದು. ಒಂಟಿ ಕಾಲಿನ ಮೇಲೆ ನಿಲ್ಲಲಾಗದ ವಯಸ್ಸಾದವರಿಗೂ ಬೇಡ. ಉಳಿದವರಿಗೆ ಮಾಡಿಸುವಾಗ ಪಕ್ಕದಲ್ಲಿ ಒಬ್ಬರು ಹಿಡಿಯಲು ಸಿದ್ಧರಿರಲಿ.

ಲಕ್ಷಣ: ಕುಕ್ಕರಗಾಲಲ್ಲಿ ಕೂತಾಗ, ಚೀಲ ಎತ್ತುವಾಗ ಸೊಂಟವೇ ಮಾಯ

ಬ್ಯಾಡಗಿ ಕಡೆ ಮೆಣಸಿನ ಹೊಲದಲ್ಲಿ ಕಳೆ ತೆಗೆಯುವವರ, ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರ ಕೆಲಸ ಅಳೆಯುವಾಗ ಇದು ಬಂದೇ ಬರುತ್ತದೆ. ತೊಡೆ ಹೊಟ್ಟೆಗೆ ತಾಗಿದಾಗ ಮುಂತುದಿಯ ಮಾರ್ಕರ್ ಮುಚ್ಚಿಹೋಗುತ್ತದೆ. ಕಾಣೆಯಾದ ಜಾಗವನ್ನು ಸಾಫ್ಟ್‌ವೇರಿನಿಂದ ಗೆರೆ ಎಳೆದು ತುಂಬಿಸಿದರೆ ಕೇಂದ್ರ ಹಾರಾಡುತ್ತದೆ. ಬೆನ್ನಿನ ಕೆಳಗಿನ ಗಟ್ಟಿ ಎಲುಬಿನ ಮೇಲೆ ಮೂರು ಮಾರ್ಕರಿನ ತಟ್ಟೆ, ಸೊಂಟದಂಚಿನ ಎರಡೂ ಬದಿ ಒಂದೊಂದು ಮಾರ್ಕರ್ ಮೊದಲೇ ಇಡಿ. ನಿಂತಾಗ ಮುಂತುದಿಗೂ ಇವುಗಳಿಗೂ ಇರುವ ಸಂಬಂಧ ದಾಖಲಿಸಿಕೊಂಡರೆ, ಕೂತಾಗ ಮುಂತುದಿಯನ್ನು ಲೆಕ್ಕದಿಂದ ಮರಳಿ ಪಡೆಯಬಹುದು.

ಲಕ್ಷಣ: ಕೋನ ಸರಿ ಕಾಣುತ್ತದೆ, ಕೀಲಿನ ಮೇಲಿನ ತಿರುಗುಬಲ ನಂಬುವಂತಿಲ್ಲ

60 ಕೆಜಿ ತೂಕದವರ ಪಾದದ ಕೆಳಗೆ ನೆಲ ಸುಮಾರು 600 ನ್ಯೂಟನ್ ಬಲದಿಂದ ತಳ್ಳುತ್ತದೆ. ಮೊಣಕಾಲಿನ ಕೇಂದ್ರ ಪಕ್ಕಕ್ಕೆ ಕೇವಲ 10 ಮಿಮೀ ತಪ್ಪಿದರೂ 6 ನ್ಯೂಟನ್-ಮೀಟರ್, ಅಂದರೆ ಪ್ರತಿ ಕೆಜಿಗೆ 0.1 ತಪ್ಪುತ್ತದೆ. ನಡಿಗೆಯಲ್ಲಿ ಮೊಣಕಾಲನ್ನು ಹೊರಕ್ಕೆ ತಳ್ಳುವ ತಿರುಗುಬಲದ ಗರಿಷ್ಠವೇ ಪ್ರತಿ ಕೆಜಿಗೆ ಅರ್ಧದ ಆಸುಪಾಸು. ಐದನೇ ಒಂದು ಪಾಲು ಒಂದು ಮಾರ್ಕರಿನಿಂದಲೇ ಹೋಯಿತು.

ಕೇಂದ್ರವನ್ನು ದೂರುವ ಮುಂಚೆ ಫೋರ್ಸ್ ಪ್ಲೇಟ್ (ಪಾದದ ಕೆಳಗಿನ ಬಲ ಅಳೆಯುವ, ನೆಲದಲ್ಲಿ ಕೂರಿಸಿದ ತಟ್ಟೆ) ಪರೀಕ್ಷಿಸಿ. ಬಾಗದ ಕಬ್ಬಿಣದ ಕೋಲಿನ ಎರಡು ಕಡೆ ಮಾರ್ಕರ್ ಕಟ್ಟಿ, ಚೂಪು ತುದಿಯನ್ನು ಪ್ಲೇಟಿನ ಮೇಲಿಟ್ಟು, ಓರೆಯಾಗಿ ಹಿಡಿದು, ಮೇಲಿನ ತುದಿಯಿಂದ ಕೋಲಿನ ನೇರಕ್ಕೆ ಒತ್ತಿ. ಪರದೆಯ ಮೇಲಿನ ಬಲದ ಬಾಣ ಕೋಲಿನ ಮೈಯಲ್ಲೇ ಹಾದುಹೋಗಬೇಕು. ಪಕ್ಕದಲ್ಲಿ ಸಮಾಂತರವಾಗಿ ಹೋದರೆ ಪ್ಲೇಟಿನ ಜಾಗ ತಪ್ಪಾಗಿ ನಮೂದಾಗಿದೆ. ಕೋಲು ಅಲುಗಿದಾಗ ಬಾಣ ಹಿಂದೆ ಬಿದ್ದರೆ ಕ್ಯಾಮೆರಾ ಮತ್ತು ಪ್ಲೇಟಿನ ಗಡಿಯಾರ ಹೊಂದಿಲ್ಲ. ಸೆಕೆಂಡಿಗೆ 1.2 ಮೀಟರ್ ನಡೆಯುವವರಲ್ಲಿ 10 ಮಿಲಿಸೆಕೆಂಡಿನ ತಡ ಎಂದರೆ 12 ಮಿಮೀ ದೂರ.

ಲಕ್ಷಣ: ಫೋನಿನ ವಿಡಿಯೋದಲ್ಲಿ ಸೊಂಟದ ಬಿಂದು ಬಟ್ಟೆಯ ಮೇಲೆ ಓಡಾಡುತ್ತದೆ

ವಿಡಿಯೋದಿಂದ ಕೀಲುಗಳನ್ನು ಗುರುತಿಸುವ ಮೀಡಿಯಾಪೈಪ್‌ನಂಥ ತಂತ್ರಾಂಶ ಎಲುಬನ್ನು ನೋಡುವುದಿಲ್ಲ, ಆಕಾರ ನೋಡಿ ಅಂದಾಜು ಮಾಡುತ್ತದೆ. ಧೋತರ, ಸಡಿಲ ಪೈಜಾಮ, ಸೀರೆಯ ನೆರಿಗೆ ಇದ್ದರೆ ಅಂದಾಜು ಬಟ್ಟೆಯ ಜೊತೆ ಓಲಾಡುತ್ತದೆ. ಮೈಗೆ ಅಂಟುವ, ಹಿನ್ನೆಲೆಗಿಂತ ಬೇರೆ ಬಣ್ಣದ ಬಟ್ಟೆಯೇ ಅತಿ ಅಗ್ಗದ ತಿದ್ದುಪಡಿ. ಸೀರೆ ಉಟ್ಟೇ ನಡೆಯುತ್ತೇನೆ ಎನ್ನುವವರಲ್ಲಿ ಮೊಣಕಾಲು, ಹರಡಿನ ಅಳತೆಯಷ್ಟನ್ನೇ ತೆಗೆದುಕೊಂಡು ಸೊಂಟದ ಕೋನವನ್ನು ವರದಿಯಿಂದ ಬಿಡಿ.

ಒಂದೇ ಫೋನಿನಲ್ಲಿ ಅಳೆಯುವಾಗ ದೂರ ಮುಖ್ಯ. 3 ಮೀಟರ್ ದೂರದಲ್ಲಿ ಫೋನ್ ಇಟ್ಟು, ನಡೆಯುವವರು ಗುರುತಿಸಿದ ಗೆರೆಗಿಂತ 30 ಸೆಂಮೀ ಹತ್ತಿರ ಬಂದರೆ ಅಳತೆ ಶೇ 11 ಹಿಗ್ಗುತ್ತದೆ. 6 ಮೀಟರಿಗೆ ಇಟ್ಟರೆ ಶೇ 5. ದೂರ ಹೋಗಿ ಜೂಮ್ ಮಾಡಿ, ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ, ಫೋನನ್ನು ಸೊಂಟದ ಎತ್ತರಕ್ಕೆ ಇಟ್ಟು ಚೌಕಟ್ಟಿನ ನಡುಭಾಗದ ಹೆಜ್ಜೆಗಳನ್ನಷ್ಟೇ ಬಳಸಿ. ಸೆಕೆಂಡಿಗೆ 30 ಫ್ರೇಮಿನಲ್ಲಿ ಒಂದು ಫ್ರೇಮಿಗೆ ಮೈ 4 ಸೆಂಮೀ ಮುಂದೆ ಹೋಗಿರುತ್ತದೆ, 60 ಅಥವಾ 120ಕ್ಕೆ ಇಡಿ. ಕಾಲು ಮಸುಕಾಗಿ ಬಂದರೆ ಬೆಳಕು ಸಾಲದು. ಬೆಳಗಿನ ಹೊತ್ತು ಬಯಲಿನ ನೆರಳಿನಲ್ಲಿ ಚಿತ್ರಿಸಿದರೆ ಟ್ಯೂಬ್‌ಲೈಟಿನ ಮಿಣುಕಾಟವೂ ಇರುವುದಿಲ್ಲ.

ಎಲ್ಲಿ ನಿಲ್ಲಿಸಬೇಕು

ಟೇಪಿನ ಕೆಳಗೆ ತುರಿಕೆ, ಕೆಂಪು ಕಂಡರೆ ತಕ್ಷಣ ತೆಗೆದು ನೀರಿನಿಂದ ತೊಳೆಯಿರಿ, ಅದೇ ಜಾಗಕ್ಕೆ ಮತ್ತೆ ಅಂಟಿಸಬೇಡಿ. ಗಾಯ, ಹೊಸ ಹೊಲಿಗೆಗಳ ಮೇಲೆ ಮಾರ್ಕರ್ ಇಡಬೇಡಿ. ಸೊಂಟದ ತುದಿ ಹುಡುಕುವ ಮುಂಚೆ ಎಲ್ಲಿ, ಯಾಕೆ ಮುಟ್ಟುತ್ತೇವೆ ಎಂದು ಹೇಳಿ ಒಪ್ಪಿಗೆ ಪಡೆಯಿರಿ. "ಅಕ್ಕಾರ, ಇಲ್ಲೆ ಎಲುಬ ಹುಡುಕ್ತೀನ್ರಿ, ನಡೀತೈತೇನ್ರಿ?" ಎಂದು ಕೇಳಲು ಹತ್ತು ಸೆಕೆಂಡು ಸಾಕು. ಹೆಣ್ಣುಮಕ್ಕಳ ಪರೀಕ್ಷೆಯನ್ನು ಹೆಣ್ಣುಮಕ್ಕಳೇ ಮಾಡಲಿ, ಆಗದಿದ್ದರೆ ಜೊತೆಗೊಬ್ಬರು ಇರಲಿ. ನಡೆಯುವಾಗ ಹೊಸ ನೋವು, ತಲೆಸುತ್ತು ಬಂದರೆ ದಾಖಲೆ ಅರ್ಧಕ್ಕೇ ಬಿಡಿ.

ಎಡ-ಬಲ ಕಾಲಿನ ಉದ್ದ ಎಲ್ಲ ತಿದ್ದುಪಡಿಯ ನಂತರವೂ 15 ಮಿಮೀಗಿಂತ ಹೆಚ್ಚು ಬೇರೆ ಬಂದರೆ ಅದು ದೋಷವಾಗಿರದೆ ನಿಜವೇ ಆಗಿರಬಹುದು. ಅಂಥವರನ್ನು ಮೂಳೆ ವೈದ್ಯರ ಬಳಿ ಕಳಿಸಿ. ಹುಟ್ಟಿನಿಂದ ಸೊಂಟದ ಕೀಲು ಜಾರಿದ ಮಕ್ಕಳಲ್ಲಿ, ಸೊಂಟ ಮುರಿದು ಕೂಡಿದವರಲ್ಲಿ ಯಾವ ಸೂತ್ರವೂ ನಿಲ್ಲುವುದಿಲ್ಲ, ಏಕೆಂದರೆ ಸೂತ್ರಗಳೆಲ್ಲ ಕೀಲು ತನ್ನ ಜಾಗದಲ್ಲಿದೆ ಎಂದೇ ನಂಬಿ ಮಾಡಿದವು. ಅಲ್ಲಿ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐನಿಂದ ತೊಡೆಯೆಲುಬಿನ ಗುಂಡು ತಲೆಯ ನಡುಬಿಂದುವನ್ನು ನೇರವಾಗಿ ನೋಡಬೇಕು. ಬರೀ ನಡಿಗೆ ಅಧ್ಯಯನಕ್ಕಾಗಿ ಎಕ್ಸ್‌ರೇ ತೆಗೆಸಬೇಡಿ. ವೈದ್ಯರು ಚಿಕಿತ್ಸೆಗೆಂದು ಈಗಾಗಲೇ ತೆಗೆಸಿದ್ದಿದ್ದರೆ ಅದನ್ನೇ ಬಳಸಲು ಅನುಮತಿ ಕೇಳಿ.

ಪ್ರತಿ ದಾಖಲೆಯ ಜೊತೆ ಯಾರು ಮಾರ್ಕರ್ ಅಂಟಿಸಿದರು, ಯಾವ ಸೂತ್ರ, ಅಗಲ-ಆಳ ಎಷ್ಟು, ಮಾರ್ಕರಿನ ಗಾತ್ರ, ಫಿಲ್ಟರಿನ ಅಂಕಿ ಇವಿಷ್ಟು ಬರೆದಿಡಿ. ಅದೇ ವ್ಯಕ್ತಿ ಆರು ತಿಂಗಳ ಮೇಲೆ ಮತ್ತೆ ಬಂದಾಗ ಅದೇ ಕೈ, ಅದೇ ಸೂತ್ರದಿಂದ ಅಳೆಯಿರಿ.